ಅರ್ಧ ದರದ ಒಂದು ಸೀಟು

ಬೆಂಗಳೂರಿಗೆ ಹೊರಡುವ ಹಿಂದಿನ ದಿನ ನನ್ನ ಹೆಂಡತಿ ನಾಗಮಣಿ ಬ್ಯಾಗಿಗೆ ಬಟ್ಟೆ ತುಂಬುತ್ತಾ, ನನ್ನ ಮುಖ ನೋಡದೆ ಹೇಳಿದಳು.

"ಭಾನುವಾರ ಅಲ್ಲೇ ಇರ್ತೀವಲ್ಲ. ಒಂದು ನಾಟ್ಕ ನೋಡ್ಬುಟ್ಟು ಬರನ."

"ನಾಟ್ಕವಾ? ನಮ್ಮೂರಲ್ಲಿ ಇಲ್ದೇ ಇರೋ ನಾಟ್ಕ ಅಲ್ಲೇನದೆ?"

"ನಮ್ಮೂರ ನಾಟ್ಕ ನಾನ್ಯಾವತ್ತು ನೋಡಿದ್ದೀನಿ?"

ನಾನು ನಕ್ಕುಬಿಟ್ಟೆ. ಹರದನಹಳ್ಳಿಯಲ್ಲಿ ಹದಿನಾಲ್ಕು ವರ್ಷದಿಂದ ಪಾಳೆಯಗಾರನ ಪಾರ್ಟು ಮಾಡುವವನು ನಾನು. ಕರಪತ್ರದಲ್ಲಿ ಎಲ್ಲರಿಗಿಂತ ಮೇಲೆ ನನ್ನ ಫೋಟೋ ಇರುತ್ತದೆ. ಕೆಳಗೆ ‘ಮಲ್ಲಿಕಾರ್ಜುನಸ್ವಾಮಿ, ಅರಿಶಿನ ಬೆಳೆಗಾರರು’ ಎಂದು ಹಾಕಿರುತ್ತಾರೆ. ಅಂಥವನ ಹೆಂಡತಿ ನಾಟಕ ನೋಡಿಲ್ಲ ಅಂದರೆ ಯಾರು ನಂಬುತ್ತಾರೆ?

"ಕೇಳಿದ್ದೀನಿ," ಅಂದಳು. "ನೋಡಿಲ್ಲ. ಕೊನೇ ಸೀನಂತೂ ಒಂದ್ಸಲನೂ ಕಂಡಿಲ್ಲ. ನೀವು ಸಾಯೋದ ಊರೋರೆಲ್ಲ ನೋಡವ್ರೆ, ನಾನೊಬ್ಳೇ ನೋಡಿಲ್ಲ."

"ನಾನ್ ಸಾಯೋದ ನೋಡ್ಬೇಕು ಅಂತ ಅಷ್ಟೊಂದು ಆಸೆನಾ ನಿಂಗೆ?"

"ನಿಮ್ದೇ ಆಗ್ಬೇಕು ಅಂತಿಲ್ಲ. ಯಾವ್ದಾದ್ರೂ ಸರಿ. ಒಂದು ನಾಟ್ಕವ ಮೊದ್ಲಿಂದ ಕೊನೇಗಂಟ ಕುಂತ್ಕಂಡು ನೋಡ್ಬೇಕು, ಅಷ್ಟೆಯಾ."

ಅವಳು ಬ್ಯಾಗಿನ ಜಿಪ್ ಎಳೆದು ಒಳಗೆ ಹೋದಳು. ನಾನು ಲೆಕ್ಕ ಹಾಕುತ್ತಾ ಕೂತೆ. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ.

ನಮ್ಮ ಕಡೆ ನಾಟಕ ಹೇಗೆ ನಡೆಯುತ್ತದೆ ಅಂದರೆ, ನೋಡುವವನು ಒಂದು ಪೈಸೆ ಕೊಡಬೇಕಾಗಿಲ್ಲ. ದುಡ್ಡು ಕೊಡುವವನು ಪಾರ್ಟು ಮಾಡುವವನು. ಡ್ರೆಸ್ಸು, ಸೀನರಿ, ಮೈಸೂರಿನಿಂದ ಬರುವ ಇಬ್ಬರು ನಟಿಯರು, ಹಾರ್ಮೋನಿಯಂ ಹಿಡಿದು ಕಲಿಸುವ ಮರಿಯಪ್ಪ ಮೇಷ್ಟ್ರು, ಎಲ್ಲದರ ಖರ್ಚನ್ನೂ ಪಾರ್ಟಿನವರೇ ಹಂಚಿಕೊಳ್ಳುತ್ತೇವೆ. ದೊಡ್ಡ ಪಾರ್ಟಿಗೆ ದೊಡ್ಡ ಪಾಲು. ಸುಗ್ಗಿ ಮುಗಿದ ಮೇಲೆ ಒಂದು ರಾತ್ರಿ ಆಡುತ್ತೇವೆ. ಅವತ್ತು ಪಾರ್ಟು ಮಾಡುವ ಪ್ರತಿಯೊಬ್ಬನ ಮನೆಗೂ ನೆಂಟರು ಬರುತ್ತಾರೆ. ನಮ್ಮ ಮನೆಗೆ ಉಡಿಗಾಲದಿಂದ ನನ್ನ ಅಕ್ಕನ ಕಡೆಯವರು, ಗುಂಡ್ಲುಪೇಟೆ ಕಡೆಯಿಂದ ನಾಗಮಣಿಯ ತವರಿನವರು, ಎಲ್ಲ ಸೇರಿ ನಲವತ್ತಕ್ಕೆ ಕಮ್ಮಿ ಇರುವುದಿಲ್ಲ. ಅವರು ಪಂಕ್ತಿ ಪಂಕ್ತಿಯಾಗಿ ಉಂಡು ಎದ್ದು ಹೋಗುತ್ತಾರೆ. ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಅರ್ಧ ನಾಟಕ ಮುಗಿದಿರುತ್ತದೆ. ಪಾತ್ರೆ ತೊಳೆದು, ಬೆಳಗಿನ ಇಡ್ಲಿಗೆ ಒಲೆ ಹೊತ್ತಿಸಬೇಕು. ಮೊದಲ ಬಸ್ಸಿಗೆ ಹೋಗುವ ನೆಂಟರು ಬರೀ ಹೊಟ್ಟೆಯಲ್ಲಿ ಹೋಗಬಾರದಲ್ಲ. ಪಾಳೆಯಗಾರ ಎದೆಗೆ ಕತ್ತಿ ತಗುಲಿಸಿಕೊಂಡು ಬೀಳುವುದು ಬೆಳಕು ಹರಿಯುವಾಗ. ಆ ಹೊತ್ತಿಗೆ ಸರಿಯಾಗಿ ಅವಳು ಎರಡನೇ ಇಡ್ಲಿ ತಟ್ಟೆ ಇಳಿಸುತ್ತಿರುತ್ತಾಳೆ. ಮೈಕಿನ ಹಾರ್ನು ನಮ್ಮ ಬೀದಿಯ ಕಂಬಕ್ಕೇ ಕಟ್ಟಿರುವುದರಿಂದ ಎಲ್ಲವೂ ಅವಳಿಗೆ ಕೇಳಿಸುತ್ತದೆ.

ಅದಕ್ಕಿಂತ ಹೆಚ್ಚಿನದೊಂದಿದೆ. ನನಗೆ ಮಾತು ಬಾಯಿಪಾಠ ಮಾಡಿಸುವವಳು ಅವಳೇ. ಎರಡು ತಿಂಗಳು ಸಂಜೆ ಹೊತ್ತು ನೋಟ್‌ಬುಕ್ ಹಿಡಿದು ಎದುರು ಕೂರುತ್ತಾಳೆ. ಮಂತ್ರಿ, ಸೇನಾಪತಿ, ರಾಣಿ ಎಲ್ಲರ ಮಾತನ್ನೂ ಅವಳೇ ಹೇಳುತ್ತಾಳೆ. ನಾನು ತಪ್ಪಿದರೆ ತಿದ್ದುತ್ತಾಳೆ, ನಾನು ಅವಳ ಮೇಲೆ ರೇಗುತ್ತೇನೆ. ಇದೂ ಹದಿನಾಲ್ಕು ವರ್ಷದಿಂದ ನಡೆದಿದೆ.

ನಾವು ಬೆಂಗಳೂರಿಗೆ ಹೋಗಿದ್ದು ನಾಗಮಣಿಯ ತಂಗಿಯ ಮಗಳು ಭಾನುವಿನ ಗೃಹಪ್ರವೇಶಕ್ಕೆ. ಅವಳು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳೂ ಗಂಡನೂ ಸೇರಿ ಕೆಂಗೇರಿ ಹತ್ತಿರ ಎರಡು ರೂಮಿನ ಮನೆ ತೆಗೆದುಕೊಂಡಿದ್ದರು. ಶನಿವಾರ ಪೂಜೆ, ಊಟ ಎಲ್ಲ ಮುಗಿಯಿತು. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವಾಗ ಭಾನು ಫೋನು ಹಿಡಿದುಕೊಂಡು ಬಂದಳು.

"ದೊಡ್ಡಮ್ಮ, ಇವತ್ತೊಂದು ನಾಟ್ಕ ಅದೆ, ಮದ್ಯಾನ ಮೂರೂವರೆಗೆ. ಒಂದೂಮುಕ್ಕಾಲು ಗಂಟೆ ಅಂತೆ, ಐದೂಕಾಲಿಗೆ ಮುಗ್ದೋಯ್ತದೆ. ಅಲ್ಲಿಂದ ನೆಟ್ಟಗೆ ಬಸ್ಸತ್ಕಂಡು ಊರಿಗೋಗ್ಬೋದು. ಟಿಕೆಟ್ಟು ಮುನ್ನೂರು."

"ಇಬ್ರಿಗಾ?" ಅಂದೆ.

"ಒಬ್ರಿಗೆ ದೊಡ್ಡಪ್ಪ."

"ಮುನ್ನೂರಕ್ಕೆ ಏನ್ ಪಾರ್ಟ್ ಕೊಡ್ತಾರೆ?"

ಭಾನು ನಕ್ಕಳು. ನಾಗಮಣಿ ನಗಲಿಲ್ಲ, ಲೋಟ ತೆಗೆದುಕೊಂಡು ಎದ್ದು ಹೋದಳು. ಭಾನು ಅವಳ ಬೆನ್ನು ನೋಡಿ, ನನ್ನ ಮುಖ ನೋಡಿ, ಫೋನಿನಲ್ಲಿ ಏನೇನೋ ಒತ್ತಿದಳು. ಯಾವುದೋ ಕೋಡು ಹಾಕಿದರೆ ಐವತ್ತು ಕಮ್ಮಿ ಆಗುತ್ತಿತ್ತಂತೆ, ಅದರ ಅವಧಿ ಶುಕ್ರವಾರವೇ ಮುಗಿದಿತ್ತು. ಅರವತ್ತು ದಾಟಿದವರಿಗೆ ರಿಯಾಯಿತಿ ಇತ್ತು, ನನಗೆ ಐವತ್ತೈದು. ವಿದ್ಯಾರ್ಥಿಗಳಿಗೆ ಇತ್ತು, ನಾನು ಊರ ಶಾಲೆ ಬಿಟ್ಟು ನಲವತ್ತು ವರ್ಷ.

"ಆದ್ರೆ ಇನ್ನೊಂದದೆ," ಅಂದಳು ಭಾನು. "ಶುರುವಾಗಕ್ಕೆ ಅರ್ಧ ಗಂಟೆ ಮುಂಚೆ, ಮಿಕ್ಕಿರೋ ಟಿಕೆಟ್ಟೆಲ್ಲ ಅರ್ಧ ರೇಟಿಗೆ ಕೊಡ್ತಾರಂತೆ. ಫೋನಲ್ಲಿ ಆಗಲ್ಲ, ಅಲ್ಲೇ ಕೌಂಟರಲ್ಲಿ ನಿಂತ್ಕಂಡು ತಗೋಬೇಕು."

"ಹಂಗೆ ಬಾ ದಾರಿಗೆ," ಅಂದೆ. "ನಡಿ, ಓಗನ."

ಆಟೋ ಹತ್ತಿಸುವಾಗ ಭಾನು ಇನ್ನೊಂದು ಮಾತು ಹೇಳಿದಳು. "ದೊಡ್ಡಪ್ಪ, ಅಲ್ಲಿ ಟೈಮಿಗೆ ಸರಿಯಾಗಿ ಶುರು ಮಾಡ್ಬುಡ್ತಾರೆ. ಆಮೇಲೆ ಒಳಕ್ಕೆ ಬುಡಲ್ಲ." ನಾನು ತಲೆಯಾಡಿಸಿದೆ. ನಮ್ಮ ಕರಪತ್ರದಲ್ಲೂ ‘ರಾತ್ರಿ ಒಂಬತ್ತು ಗಂಟೆಗೆ ಸರಿಯಾಗಿ’ ಎಂದೇ ಅಚ್ಚು ಹಾಕಿಸುತ್ತೇವೆ. ಹನ್ನೊಂದೂವರೆಗೆ ಮೊದಲು ಪರದೆ ಎದ್ದಿದ್ದು ನಾನು ಕಂಡಿಲ್ಲ.

ಅಲ್ಲಿ ಹೋಗಿ ಇಳಿದಾಗ ಎರಡೂ ಮುಕ್ಕಾಲು. ದೊಡ್ಡ ಕಟ್ಟಡವೇನಲ್ಲ. ಒಂದು ಅಂಗಳ, ಒಂದು ಹೊಂಗೆ ಮರ, ಅದರ ಸುತ್ತ ಸಿಮೆಂಟ್ ಕಟ್ಟೆ, ಪಕ್ಕದಲ್ಲಿ ಕಾಫಿ ಅಂಗಡಿ. ಕೌಂಟರಿನ ಗಾಜಿಗೆ ಒಂದು ಹಾಳೆ ಅಂಟಿಸಿದ್ದರು: ‘ಪ್ರದರ್ಶನಕ್ಕೆ ಅರ್ಧ ಗಂಟೆ ಮೊದಲು, ಉಳಿದ ಟಿಕೆಟ್ಟುಗಳು ಅರ್ಧ ದರದಲ್ಲಿ.’ ಭಾನು ಹೇಳಿದ್ದು ನಿಜವೇ. ಮೂರು ಗಂಟೆಗೆ ಒಂದು ಹುಡುಗಿ ಬಂದು ಕಿಂಡಿ ತೆಗೆದಳು. ಹದಿನೈದಿಪ್ಪತ್ತು ಜನ ಸಾಲು ನಿಂತರು. ನಾಗಮಣಿಯೂ ಹೋಗಿ ಹಿಂದೆ ನಿಂತಳು. ನಾನು ಅವಳ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಬಂದೆ.

"ತಡಿ. ಈಗ್ಲೇ ಯಾಕೆ?"

"ಅರ್ಧ ರೇಟು ಅಂತ ಬರ್ದವ್ರಲ್ಲ."

"ಈಗ ಅರ್ಧ. ಇನ್ನೊಂದು ಕಾಲು ಗಂಟೆ ಓಗ್ಲಿ, ಕಾಲು ಆಯ್ತದೆ."

ಇದನ್ನು ನಾನು ತಮಾಷೆಗೆ ಹೇಳಲಿಲ್ಲ. ಅರಿಶಿನದ ಜೊತೆಗೆ ನಾನು ಟೊಮೊಟೊ ಹಾಕುತ್ತೇನೆ. ಮಾರ್ಕೆಟ್ಟಿಗೆ ಇಪ್ಪತ್ತು ವರ್ಷ ಕ್ರೇಟು ಹೊತ್ತಿದ್ದೇನೆ. ಬೆಳಿಗ್ಗೆ ಆರು ಗಂಟೆಗೆ ಒಂದು ರೇಟು, ಎಂಟಕ್ಕೆ ಒಂದು, ಹತ್ತು ಗಂಟೆಗೆ ಕೇಳುವವನೇ ಇರುವುದಿಲ್ಲ. ಕೊಳ್ಳುವವನು ಕೈ ಹಿಂದೆ ಕಟ್ಟಿಕೊಂಡು ಅತ್ತಿತ್ತ ಓಡಾಡುತ್ತಾನೆ. ಅವನಿಗೆ ಗೊತ್ತು, ನಾನು ಹಣ್ಣನ್ನು ವಾಪಸ್ಸು ಆಟೋಗೆ ಹೇರಿಕೊಂಡು ಹರದನಹಳ್ಳಿಗೆ ಹೋಗುವುದಿಲ್ಲ ಅಂತ. ಬಿಸಿಲೇರುವವರೆಗೆ ಕಾದು, ತನಗೆ ಬೇಕಾದ ರೇಟಿಗೆ ಎತ್ತಿಕೊಂಡು ಹೋಗುತ್ತಾನೆ. ಒಂದು ದಿನವಾದರೂ ನಾನು ಆ ಕಡೆ ನಿಲ್ಲಬೇಕು ಅಂತ ನನಗಿತ್ತು. ಇವತ್ತು ನಿಂತಿದ್ದೆ.

"ಇದೇನು ಟೊಮೊಟೊನಾ?" ಅಂದಳು ನಾಗಮಣಿ.

"ಕೊಳೆಯೋದೆಲ್ಲ ಒಂದೇಯಾ. ನಾಟ್ಕ ಶುರುವಾದ್ಮೇಲೆ ಆ ಸೀಟ ಏನ್ ಮಾಡ್ತಾರೆ? ಮನೆಗೆ ಹೊತ್ಕಂಡು ಓಗ್ತಾರಾ?"

"ಎಲ್ಲಾ ತಗೊಂಡು ಓಯ್ತಾವ್ರೆ ನೋಡಿ."

"ಓಗ್ಲಿ. ಅವ್ರಿಗೆ ತಾಳ್ಮೆ ಇಲ್ಲ."

ಅವಳಿಗೆ ನಗು ಬಂದಿರಬೇಕು, ಸೆರಗು ಬಾಯಿಗಿಟ್ಟುಕೊಂಡಳು. ತಾಳ್ಮೆಯ ಮಾತು ನನ್ನಂಥ ಮುಂಗೋಪಿಯ ಬಾಯಲ್ಲಿ ಬಂದಿತ್ತು.

ಕಟ್ಟೆಯ ಮೇಲೆ ಕೂತೆವು. ಮೂರೂ ಹತ್ತಕ್ಕೆ ಒಂದು ಬೆಲ್ ಹೊಡೆಯಿತು. ನಾಗಮಣಿ ಎದ್ದು ನಿಂತಳು.

"ಕೂತ್ಕೊ. ಮೊದಲ್ನೇ ಬೆಲ್ಲು. ನಮ್ಮೂರಲ್ಲಿ ಮೊದಲ್ನೇ ಬೆಲ್ಲಿಗೆ ನಾನು ಮಖಕ್ಕೆ ಬಣ್ಣನೂ ಹಚ್ಚಿರಲ್ಲ."

"ಇದು ನಮ್ಮೂರಲ್ಲ."

"ಬೆಲ್ಲು ಎಲ್ಲಾ ಊರಲ್ಲೂ ಬೆಲ್ಲೇ ಕಣಮ್ಮಿ."

ಮೂರೂ ಹದಿನೆಂಟಕ್ಕೆ ನಾನು ಕೈ ಹಿಂದೆ ಕಟ್ಟಿಕೊಂಡು ಕೌಂಟರಿನ ಹತ್ತಿರ ಹೋದೆ. ಸಾಲಿನಲ್ಲಿ ಯಾರೂ ಇರಲಿಲ್ಲ. ಇದೇ ಸಮಯ ಅಂದುಕೊಂಡೆ.

"ಈಗೆಷ್ಟಮ್ಮ?"

"ನೂರೈವತ್ತು ಸರ್."

"ಆಗ್ಲೂ ನೂರೈವತ್ತು, ಈಗ್ಲೂ ನೂರೈವತ್ತೇನಾ?"

"ಹೌದು ಸರ್, ಅರ್ಧ ದರ ಅಂದ್ರೆ ಅಷ್ಟೇ."

"ಇನ್ನು ಹತ್ತು ನಿಮಿಷಕ್ಕೆ ಅದು ಯಾವ ಕೆಲಸಕ್ಕೂ ಬರಲ್ಲ. ಎರಡೂ ಸೇರಿಸಿ ನೂರೈವತ್ತು ಮಾಡ್ಕೊ."

ಹುಡುಗಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ, ಅರ್ಥವಾಗದೆ. "ಹಾಗೆಲ್ಲ ಕಮ್ಮಿ ಮಾಡೋಕಾಗಲ್ಲ ಸರ್. ನಾಲ್ಕೇ ಉಳಿದಿರೋದು. ಬೇಕಾದ್ರೆ ಈಗ್ಲೇ ತಗೊಳ್ಳಿ."

"ನಾಲ್ಕೇ ಉಳಿದಿರೋದು ಅಂತ ಎಲ್ಲಾರೂ ಹೇಳ್ತಾರೆ," ಎಂದು ತಿರುಗಿದೆ. ಕೊಳ್ಳುವವನು ಹೀಗೇ ತಿರುಗುತ್ತಾನೆ. ನಾಲ್ಕು ಹೆಜ್ಜೆ ಹಾಕಿದ ಮೇಲೆ ನಾವು ಹಿಂದಿನಿಂದ ಕೂಗುತ್ತೇವೆ, ‘ಬನ್ನಿ ಅಣ್ಣ, ಬನ್ನಿ’ ಅಂತ. ನಾನೂ ನಾಲ್ಕು ಹೆಜ್ಜೆ ಹಾಕಿದೆ. ಐದು, ಆರು ಹಾಕಿದೆ. ಯಾರೂ ಕೂಗಲಿಲ್ಲ. ಗೇಟಿನ ಕಡೆಯಿಂದ ಮೂರು ಜನ ಹುಡುಗರು ಓಡುತ್ತಾ ನನ್ನ ಪಕ್ಕದಲ್ಲೇ ಹಾದುಹೋದರು. ಕಟ್ಟೆಯ ಹತ್ತಿರ ಬಂದಾಗ ನಾಗಮಣಿ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹಿಂದೆ ಕೌಂಟರಿನ ಕಡೆ ನೋಡುತ್ತಿದ್ದಳು. ಎರಡನೇ ಬೆಲ್ ಹೊಡೆಯಿತು.

ನಾನು ತಿರುಗಿ ಹೋಗುವಷ್ಟರಲ್ಲಿ ಹುಡುಗರು ಟಿಕೆಟ್ ಹಿಡಿದು ಒಳಗೆ ನುಗ್ಗಿದ್ದರು.

"ಎರಡು ಕೊಡು," ಅಂದೆ.

"ಒಂದೇ ಇರೋದು ಸರ್."

"ಈಗ್ತಾನೆ ನಾಲ್ಕು ಅಂದೆ?"

"ಮೂರು ಈಗ ಹೋಯ್ತಲ್ಲ ಸರ್, ನಿಮ್ಮೆದುರಿಗೇ."

"ನಾನು ಮೊದ್ಲು ಬಂದು ಕೇಳ್ಕಂಡು ಓಗಿರ್ಲಿಲ್ವಾ? ಕೇಳ್ದೋನ್ಗೆ ಇಲ್ಲ, ಓಡ್ಬಂದೋರ್ಗೆ ಕೊಟ್ಬುಟ್ಯಾ? ಇದ್ಯಾವ ನ್ಯಾಯ? ಊರಿಂದ ನೂರೆಂಬತ್ತು ಕಿಲೋಮೀಟರಿಂದ ಬಂದಿದ್ದೀವಿ ನಾವು."

ನನ್ನ ಗಂಟಲು ಪಾಳೆಯಗಾರನ ಗಂಟಲು. ಮೈಕ್ ಇಲ್ಲದೆಯೂ ಹಿಂದಿನ ಸಾಲಿಗೆ ಮುಟ್ಟುತ್ತದೆ. ಕಾಫಿ ಅಂಗಡಿಯವರೆಲ್ಲ ತಿರುಗಿ ನೋಡಿದರು. ಹುಡುಗಿ ಮಾತ್ರ ಕದಲಲಿಲ್ಲ. "ಒಂದಿದೆ ಸರ್. ಬೇಕಾ?" ಅಂದಳು.

"ಬ್ಯಾಡ. ಒಂದ ಇಟ್ಕಂಡು ಏನ್ ಮಾಡನ? ನಡಿಯಮ್ಮಿ, ಓಗನ. ನಾಟ್ಕನೂ ಬ್ಯಾಡ ಏನೂ ಬ್ಯಾಡ."

ನಾನು ಬ್ಯಾಗು ಎತ್ತಿಕೊಂಡೆ. ಮೂವತ್ತು ವರ್ಷದಲ್ಲಿ ನಾನು ಬ್ಯಾಗು ಎತ್ತಿಕೊಂಡ ಮೇಲೆ ನಾಗಮಣಿ ನಿಂತಲ್ಲೇ ನಿಂತಿದ್ದಿಲ್ಲ. ಅವತ್ತು ನಿಂತಳು. ರವಿಕೆಯೊಳಗಿಂದ ಪುಟ್ಟ ಪರ್ಸು ತೆಗೆದು, ನೂರರ ಒಂದು ನೋಟು, ಐವತ್ತರ ಒಂದು ನೋಟು ಕಿಂಡಿಯಲ್ಲಿ ಇಟ್ಟಳು.

"ಆ ಒಂದ ನಂಗೆ ಕೊಡವ್ವ."

"ಒಬ್ಳೇ ಓಗ್ತೀಯಾ?" ಅಂದೆ.

"ಒಳಗೆ ಜನ ಇಲ್ವಾ?"

"ನಾನೇನ್ ಮಾಡ್ಲಿ ಇಲ್ಲಿ?"

"ಬ್ಯಾಗ ನೋಡ್ಕಂಡು ಕುಂತಿರಿ." ಫೋನು ಒಳಗೆ ಆಫ್ ಮಾಡಬೇಕೆಂದು ಹುಡುಗಿ ಹೇಳಿದಳು. ಆಫ್ ಮಾಡುವುದು ನಾಗಮಣಿಗೆ ಗೊತ್ತಿರಲಿಲ್ಲ, ಅದನ್ನು ನನ್ನ ಕೈಗಿಟ್ಟಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಬಾಗಿಲು ಕಾಯುತ್ತಿದ್ದವನು "ಹಾಕ್ಕೊಂಡೇ ಹೋಗಿ ಅಮ್ಮ" ಅಂದ ಮೇಲೆ ತಿರುಗಿ ಬಂದು ಹಾಕಿಕೊಂಡಳು. ನನ್ನ ಕಡೆ ನೋಡಲಿಲ್ಲ.

ಮೂರನೇ ಬೆಲ್ ಹೊಡೆಯಿತು. ಬಾಗಿಲು ಮುಚ್ಚಿದರು. ನನ್ನ ಫೋನಿನಲ್ಲಿ ಮೂರೂವರೆ, ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ.

ಸ್ವಲ್ಪ ಹೊತ್ತು ನಾನು ಎಲ್ಲರ ಮೇಲೂ ಉರಿದೆ. ಹುಡುಗಿಯ ಮೇಲೆ, ಓಡಿ ಬಂದ ಹುಡುಗರ ಮೇಲೆ, ಭಾನುವಿನ ಮೇಲೆ. ಆಮೇಲೆ ಉರಿಯಲು ಯಾರೂ ಉಳಿಯಲಿಲ್ಲ. ಅಂಗಳ ಖಾಲಿಯಾಯಿತು. ಹುಡುಗಿ ಕಿಂಡಿ ಮುಚ್ಚಿಕೊಂಡು ಕಾಫಿ ಕುಡಿಯಲು ಹೋದಳು. ಬಾಗಿಲವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಪೇಪರು ಬಿಡಿಸಿದ. ಹೊಂಗೆಯ ನೆರಳು ತಣ್ಣಗಿತ್ತು. ಎರಡು ಬ್ಯಾಗಿನ ನಡುವೆ ನಾನು ಕೂತೆ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ನಾಗಮಣಿಯ ಫೋನು ಬಡಿದುಕೊಂಡಿತು. ನನ್ನ ಅಣ್ಣ ಮಾದಣ್ಣ. ನಾವು ಒಂದೇ ಮನೆಯಲ್ಲಿ ಇರುವವರು, ಒಂದೇ ಒಲೆ.

"ನೀನ್ಯಾಕ್ಲಾ ಎತ್ತುದೆ? ಅವ್ಳೆಲ್ಲಿ?"

"ಇಲ್ಲೇ ಒಳಗವ್ಳೆ. ಏನಣ್ಣ?"

"ಉಮ್ಮತ್ತೂರಿಂದ ಕುಮಾರಿಯ ನೋಡಕ್ಕೆ ಬತ್ತಾವ್ರೆ ಕಣ್ಲಾ. ಇವತ್ತೇ, ಎಂಟು ಗಂಟೆಗೆ. ಈಗ ಫೋನ್ ಮಾಡಿದ್ರು. ಹತ್ತು ಜನ ಅಂತೆ, ಊಟಕ್ಕಿದ್ದು ಓಗ್ತಾರೆ. ನಿಮ್ಮತ್ತಿಗೆ ಮಂಡಿ ಹಿಡ್ಕಂಡು ಕುಂತವ್ಳೆ. ಈಗ್ಲೇ ಬಸ್ಸತ್ತುಬುಡಿ, ಒಂಬತ್ತೊತ್ಗೆ ಬಂದ್ಬುಡ್ಬೋದು. ಬರೋಗಂಟ ನಾನು ಕಾಫಿ ಕೊಟ್ಟು ಮಾತಾಡಿಸ್ಕಂಡು ಕೂರಿಸ್ಕಂಡಿರ್ತೀನಿ."

ಕುಮಾರಿ ಅವನ ಮಗಳು. ಅವಳ ಸಂಬಂಧದ ವಿಷಯ ಆರು ತಿಂಗಳಿಂದ ಎಳೆದಾಡುತ್ತಿತ್ತು.

"ಆಯ್ತಣ್ಣ, ಬತ್ತೀವಿ," ಅಂದೆ. ನನ್ನ ಬಾಯಿಗೆ ಅದೇ ಬಂತು. ಇಂಥ ಮಾತಿಗೆ ಬೇರೆ ಉತ್ತರ ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕೊಟ್ಟಿಲ್ಲ.

ಬ್ಯಾಗುಗಳನ್ನು ಎರಡೂ ಕೈಗೆ ತಗುಲಿಸಿಕೊಂಡು ಬಾಗಿಲ ಹತ್ತಿರ ಹೋದೆ. ಬಾಗಿಲವನು ಪೇಪರು ಮಡಚಿದ.

"ನನ್ನ ಹೆಂಡ್ರು ಒಳಗವ್ಳೆ. ಕರೀಬೇಕು."

"ಒಳಗೆ ಬಿಡೋಕಾಗಲ್ಲ ಸ್ವಾಮಿ."

"ನಾನು ಓಗಲ್ಲ. ನೀವೇ ಕರೀರಿ. ಊರಿಂದ ಫೋನ್ ಬಂತು."

ಅವನ ಮುಖ ಬದಲಾಯಿತು. ಎದ್ದು ನಿಂತು ಜೇಬಿನಿಂದ ಪುಟ್ಟ ಟಾರ್ಚು ತೆಗೆದ. "ತುರ್ತಾದ್ರೆ ಕರೆಸ್ತೀನಿ, ಅದಕ್ಕೇನು. ಇನ್ನೊಂದರ್ಧ ಗಂಟೆ ಬಿಟ್ಟು ಬಂದಿದ್ರೆ ಕಷ್ಟ ಆಗ್ತಿತ್ತು, ಕೊನೇ ಭಾಗದಲ್ಲಿ ನಾವು ಬಾಗಿಲು ತೆಗೆಯೋದೇ ಇಲ್ಲ. ಹಿಂದಿನ ಸಾಲಲ್ಲಿ ಕೂತಿದ್ದಾರೆ, ನಂಗೆ ಗೊತ್ತು, ಚಪ್ಪಲಿ ಬಿಟ್ಟೋರಲ್ವಾ? ಏನಂತ ಹೇಳ್ಲಿ? ಯಾರಿಗಾದ್ರೂ ಹುಷಾರಿಲ್ವಾ?"

"ಇಲ್ಲ."

"ಮತ್ತೆ?"

"ನೆಂಟ್ರು ಬತ್ತಾವ್ರೆ."

ಅವನು ಇನ್ನೂ ಏನೋ ಇದೆ ಅಂತ ಕಾದ. ನಾನೂ ಇನ್ನೇನಾದರೂ ಇರಬೇಕು ಅಂತ ಹುಡುಕಿದೆ.

"ಅಷ್ಟೇನಾ?" ಅಂದ.

"ಅಷ್ಟೇನಾ ಅಂದ್ರೆ? ಹತ್ತು ಜನ ಬತ್ತಾವ್ರೆ. ಅಡುಗೆ ಯಾರ್ ಮಾಡ್ತಾರೆ, ನೀವು ಬಂದು ಮಾಡ್ತೀರಾ?"

"ನಾನ್ಯಾಕೆ ಮಾಡ್ಲಿ ಸ್ವಾಮಿ. ನೀವು ಹೇಳಿದ್ರೆ ಕರೀತೀನಿ, ಅಷ್ಟೆ." ಅವನು ಬಾಗಿಲನ್ನು ಒಂದು ಗೇಣು ತೆಗೆದ. ಒಳಗಿನ ಕತ್ತಲೆಯಿಂದ ತಣ್ಣನೆ ಗಾಳಿ ಬಂತು. ದೂರದಲ್ಲಿ ವೇದಿಕೆಯ ಮೇಲೆ ಒಬ್ಬ ಹೆಂಗಸು ಹೊಲಿಗೆ ಮಿಷನ್ ಎದುರು ಕೂತು ಏನೋ ಹೇಳಿದಳು. ಇಡೀ ಸಭೆ ನಕ್ಕಿತು. ಆ ನಗುವಿನಲ್ಲಿ ನಾಗಮಣಿಯದು ಯಾವುದು ಅಂತ ನಾನು ಕಿವಿಗೊಟ್ಟೆ. ಗೊತ್ತಾಗಲಿಲ್ಲ. ಯೋಚಿಸಿದರೆ, ಅವಳು ಹತ್ತು ಜನರ ನಡುವೆ ಕೂತು ನಕ್ಕಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಕರೀಲಾ?" ಅಂದ ಅವನು ಪಿಸುದನಿಯಲ್ಲಿ.

ಕರೆದರೆ ಅವಳು ಬರುತ್ತಾಳೆ. ಒಂದು ಮಾತೂ ಆಡದೆ ಬರುತ್ತಾಳೆ. ಬಸ್ಸಿನಲ್ಲಿ ಕೂತು ಎಷ್ಟು ಪಾವು ಅಕ್ಕಿ, ಎಷ್ಟು ತೆಂಗಿನಕಾಯಿ ಅಂತ ಲೆಕ್ಕ ಹಾಕುತ್ತಾಳೆ. ಇನ್ನೊಂದು ನಾಟಕ ನೋಡಬೇಕು ಅಂತ ಅವಳು ಮತ್ತೆ ಕೇಳುವುದಿಲ್ಲ. ಅದು ನನಗೆ ಖಂಡಿತ ಗೊತ್ತಿತ್ತು.

"ಬ್ಯಾಡ. ಮುಚ್ಚಿ ಬಾಗ್ಲ," ಅಂದೆ.

ಕಟ್ಟೆಗೆ ಬಂದು ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣ, ಈಗ ಬರಕ್ಕಾಗಲ್ಲ. ಐದೂವರೆ ಮೇಲೆ ಹೊರಡ್ತೀವಿ."

"ಯಾಕ್ಲಾ?"

"ಅವ್ಳು ನಾಟ್ಕದಲ್ಲವ್ಳೆ. ಇನ್ನೂ ಮುಗ್ದಿಲ್ಲ."

"ಅವ್ಳೇನು ಪಾರ್ಟ್ ಮಾಡ್ತಾವ್ಳಾ?"

"ನೋಡ್ತಾವ್ಳೆ."

ಅಣ್ಣ ನನ್ನ ಮಾತನ್ನೇ ತಿರುಗಿಸಿ ಹೇಳಿದ. "ನೋಡ್ತಾವ್ಳೆ. ಬೀಗ್ರಾಗೋರು ಮನೆ ಬಾಗಿಲ್ಗೆ ಬಂದು, ಅಡುಗೆ ಯಾಕಾಗಿಲ್ಲ ಅಂದ್ರೆ, ನಮ್ಮ ತಮ್ಮನ್ ಹೆಂಡ್ರು ಬೆಂಗ್ಳೂರಲ್ಲಿ ನಾಟ್ಕ ನೋಡ್ತಾವ್ಳೆ ಅಂತ ಏಳ್ಲಾ?"

"ಹಂಗೇ ಏಳು."

"ತಲೆ ಕೆಟ್ಟದಾ ನಿಂಗೆ?"

"ಚಾಮರಾಜನಗರದಿಂದ ಊಟ ತರ್ಸು. ಹತ್ತು ಜನಕ್ಕೆ ಎಷ್ಟಾಯ್ತದೆ, ನಾನ್ ಕೊಡ್ತೀನಿ."

"ಓಟ್ಲೂಟನ ಹಾಕ್ಲಾ ಬೀಗ್ರಿಗೆ?"

"ಇನ್ನೂ ಬೀಗ್ರಾಗಿಲ್ವಲ್ಲ. ಓಟ್ಲೂಟ ಉಂಡಿದ್ಕೆ ಹುಡುಗೀನ ಬ್ಯಾಡ ಅನ್ನೋರಾದ್ರೆ, ಅಂಥೋರ್ಗೆ ಕೊಡೋದೂ ಬ್ಯಾಡ. ನಾಕು ಗಂಟೆಗೆ ಫೋನ್ ಮಾಡಿ ಎಂಟು ಗಂಟೆಗೆ ಊಟಕ್ಕೆ ಬತ್ತೀವಿ ಅಂದ್ರೆ, ನಮ್ಮನೆ ಏನು ಛತ್ರವಾ? ಅವ್ಳೇನು ಛತ್ರದ ಅಡುಗೇಳಾ?"

ದನಿ ಏರಿತ್ತು. ಬಾಗಿಲವನು ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದ. ನಾನು ಗೇಟಿನ ಆಚೆ ಹೋಗಿ ಮಿಕ್ಕಿದ್ದನ್ನು ಬೈದೆ. ಅಣ್ಣನೂ ಬೈದ. ಅವನು ನನಗಿಂತ ಹನ್ನೆರಡು ವರ್ಷ ದೊಡ್ಡವನು, ಅಷ್ಟು ದನಿಯೆತ್ತಿ ನಾನು ಅವನೊಡನೆ ಮಾತಾಡಿದ್ದು ಅದೇ ಮೊದಲು. ಕೊನೆಗೆ ಅವನೇ ಫೋನು ಇಟ್ಟ.

ಕಟ್ಟೆಗೆ ಬಂದು ಕೂತ ಮೇಲೆ ಹೆದರಿಕೆ ಶುರುವಾಯಿತು. ಈ ಸಂಬಂಧ ಕೂಡಿ ಬರದಿದ್ದರೆ ಅದು ನಾಗಮಣಿಯ ತಲೆಗೇ ಬರುತ್ತದೆ. ನಾಳೆಯಿಂದ ಅಡುಗೆ ಮನೆಯಲ್ಲಿ ಅತ್ತಿಗೆ ಮಲ್ಲಿಗಮ್ಮನ ಮುಖ ನೋಡಬೇಕಾದವಳು ಅವಳು, ನಾನಲ್ಲ. ಕುಮಾರಿಯನ್ನು ಎತ್ತಿ ಆಡಿಸಿದವಳೂ ಅವಳೇ. ‘ಮಗಿನ ವಿಷ್ಯ ಅಂತ ಗೊತ್ತಿದ್ದೂ ಯಾಕ್ ಕರೀಲಿಲ್ಲ’ ಅಂತ ಅವಳೇ ನನ್ನ ಮೇಲೆ ತಿರುಗಿ ಬೀಳಬಹುದು. ನಾಲ್ಕೂವರೆಯವರೆಗೆ ಮೂರು ಸಲ ಎದ್ದೆ, ಮೂರು ಸಲ ಕೂತೆ. ಕೈಗಡಿಯಾರ ನೋಡಿಕೊಂಡ ಬಾಗಿಲವನು, "ಇನ್ನು ತೆಗೆಯಲ್ಲ ಸ್ವಾಮಿ," ಅಂದ. ನನಗೆ ಸಮಾಧಾನವಾಯಿತು. ಇಬ್ಬರಿಗೂ ಕಾಫಿ ತಂದೆ.

ಐದೂಕಾಲಿಗೆ ಚಪ್ಪಾಳೆ ಕೇಳಿಸಿತು. ಬಹಳ ಹೊತ್ತು ಹೊಡೆದರು. ಬಾಗಿಲು ತೆರೆಯಿತು, ಜನ ಹೊರಗೆ ಬಂದರು. ಆ ಮೂವರು ಹುಡುಗರು ಬಂದರು, ನಾನು ಅವರನ್ನು ಏನೂ ಅನ್ನಲಿಲ್ಲ. ಎಲ್ಲರೂ ಹೋದ ಮೇಲೂ ನಾಗಮಣಿ ಬರಲಿಲ್ಲ. ಬಗ್ಗಿ ನೋಡಿದೆ. ಖಾಲಿ ಕುರ್ಚಿಗಳ ನಡುವೆ ಅವಳೊಬ್ಬಳೇ ಕೂತು, ವೇದಿಕೆಯ ಮೇಲೆ ಹುಡುಗಿಯರು ಹೊಲಿಗೆ ಮಿಷನ್ ಎತ್ತಿಡುವುದನ್ನು ನೋಡುತ್ತಿದ್ದಳು. ಅದೂ ಮುಗಿದ ಮೇಲೆ ಎದ್ದು ಬಂದಳು. ನಲ್ಲಿಯಲ್ಲಿ ಮುಖ ತೊಳೆದುಕೊಂಡು ಸೆರಗಿನಲ್ಲಿ ಒರೆಸಿಕೊಂಡಳು.

"ಫೋನ್ ಬಂದಿತ್ತಾ?" ಅಂದಳು.

"ಅಣ್ಣ ಮಾಡಿದ್ದ. ಕುಮಾರಿಯ ನೋಡಕ್ಕೆ ಉಮ್ಮತ್ತೂರೋರು ಬತ್ತಾವ್ರೆ, ಎಂಟಕ್ಕೆ. ಅಡುಗೆಗೆ ಬಾ ಅಂದ."

"ಎಷ್ಟೊತ್ತಲ್ಲಿ ಮಾಡಿದ್ರು?"

"ನಾಕು ಗಂಟೆಗೆ."

ಅವಳು ಮುಖ ಒರೆಸುವುದನ್ನು ನಿಲ್ಲಿಸಿದಳು. "ಯಾಕ್ ಕರೀಲಿಲ್ಲ?"

"ಮುಗ್ದಿರ್ಲಿಲ್ವಲ್ಲ."

ಬೈಯುತ್ತಾಳೆ ಅಂತ ನಾನು ತಯಾರಾಗಿ ನಿಂತೆ.

"ಭಾವ ಬೈದ್ರಾ?"

"ಬೈದ."

"ನೀವು?"

"ನಾನೂ ಬೈದೆ."

"ಚೆನ್ನಾಗಾಯ್ತು," ಅಂದು ಫೋನು ಇಸಿದುಕೊಂಡಳು. ಅತ್ತಿಗೆಗೆ ಮಾಡಿದಳು. "ಅಕ್ಕ, ಸಾರಿನ ಪುಡಿ ಮೇಲಿನ ಹಲಗೇಲಿ ನೀಲಿ ಡಬ್ಬೀಲದೆ. ಹಪ್ಪಳ ಅದರ ಹಿಂದ್ಗಡೆ. ಕುಮಾರೀನೇ ಅನ್ನಕ್ಕಿಡ್ಲಿ, ಬತ್ತದೆ ಅವ್ಳಿಗೆ. ಪಲ್ಯ, ಸಿಹಿ ಓಟ್ಲಿಂದ ತರ್ಸಿ. ಹ್ಞೂ. ಹ್ಞೂ, ನೋಡ್ದೆ ಅಕ್ಕ. ಪೂರ್ತಿ ನೋಡ್ದೆ. ಬಂದ್ಮೇಲೆ ಏಳ್ತೀನಿ." ಅಷ್ಟೇ ಮಾತು. ಫೋನನ್ನು ಬ್ಯಾಗಿನ ತಳಕ್ಕೆ ಹಾಕಿ ಜಿಪ್ ಎಳೆದಳು.

ಬಸ್ಸು ಸ್ಯಾಟಲೈಟ್ ನಿಲ್ದಾಣ ಬಿಟ್ಟಾಗ ಇನ್ನೂ ಬೆಳಕಿತ್ತು. ನಾಗಮಣಿ ಕಿಟಕಿ ಪಕ್ಕ ಕೂತಿದ್ದಳು. ಕೆಂಗೇರಿ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಒಂದು ಟೈಲರ್ ಅಂಗಡಿ. ಮೂರು ಜನ ಹೆಂಗುಸ್ರು. ಮೊದ್ಲು ಒಬ್ಳು ಬಂದು ಬೀಗ ತೆಗೀತಾಳೆ. ಬೀಗನೂ ಇಲ್ಲ, ಬಾಗ್ಲೂ ಇಲ್ಲ, ಬರೀ ಕೈಲೇ ತೆಗೀತಾಳೆ. ಆದ್ರೆ ನಮ್ಗೆ ಸದ್ದು ಕೇಳ್ಸ್ತದೆ."

"ಮೈಕಿರ್ಲಿಲ್ವಾ?"

"ಇರ್ಲಿಲ್ಲ. ಪಿಸುಗುಟ್ಟಿದ್ರೂ ಹಿಂದಿನ ಸಾಲ್ಗೆ ಬತ್ತಿತ್ತು. ನಿಮ್ಮಂಗೆ ಕಿರಚಲ್ಲ ಯಾರೂವೆ."

ಅವಳು ಒಂದೊಂದು ಮಾತನ್ನೂ ಹೇಳಿದಳು. ದೊಡ್ಡವಳದ್ದು ದೊಡ್ಡವಳ ದನಿಯಲ್ಲಿ, ಚಿಕ್ಕವಳದ್ದು ಚಿಕ್ಕವಳ ದನಿಯಲ್ಲಿ. ಒಂದು ಸಲ ಕೇಳಿದ್ದು ಅವಳಿಗೆ ಅಷ್ಟು ನೆನಪಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಬಿಡದಿ ಹೋಯಿತು. ಅಂಗಡಿಗೆ ಯಾರೋ ಒಂದು ಹಳೇ ರೇಷ್ಮೆ ಸೀರೆ ತಂದುಕೊಟ್ಟಿದ್ದರು. ಅದನ್ನು ಕತ್ತರಿಸಬೇಕೋ ಬೇಡವೋ ಅಂತ ಮೂವರಿಗೂ ಜಗಳ ಹತ್ತಿತ್ತು.

"ಕತ್ತರಿಸ್ತಾರಾ, ಇಲ್ವಾ?" ಅಂದೆ. "ಕೊನೆ ಏನಾಯ್ತದೆ, ಅದ ಏಳ್ಬುಡು."

"ಕೊನೇನ ಕೊನೇಲೇ ಏಳ್ಬೇಕು. ಒಂದೂಮುಕ್ಕಾಲು ಗಂಟೆ ಕುಂತು ನೋಡಿವ್ನಿ ನಾನು. ಪುಕ್ಸಟ್ಟೆ ಏಳ್ಬುಡ್ಲಾ?"

"ಅರ್ಧ ರೇಟಿಗೆ ಏಳು."

"ರೇಟು ಇಳಿಯಲ್ಲ. ಸುಮ್ಕೆ ಕೇಳಿ."

ರಾಮನಗರ ಹಿಂದೆ ಬಿತ್ತು. ಕತ್ತರಿ ಇನ್ನೂ ದೊಡ್ಡವಳ ಕೈಯಲ್ಲೇ ಇತ್ತು. ಮುಂದಿನ ಸೀಟಿನಲ್ಲಿದ್ದ ಹೆಂಗಸು ಆಗಿನಿಂದ ಕತ್ತು ವಾಲಿಸಿಕೊಂಡು ಕೇಳುತ್ತಿದ್ದವಳು, ಈಗ ಪೂರ್ತಿ ನಮ್ಮ ಕಡೆ ತಿರುಗಿ ಸೀಟಿನ ಮೇಲೆ ಗಲ್ಲ ಊರಿಕೊಂಡು ಕೂತಳು.

"ಆಮೇಲೆ?" ಅಂದಳು.